ಕೈಗೆಟುಕದ ಫ್ಯೂಸು

ಎತ್ತಿನ ಗಾಡಿಯ ಕಡಾಣಿಯನ್ನು ಕಂಡವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಅಚ್ಚಿನ ತುದಿಗೆ ಸಿಕ್ಕಿಸಿದ ಆ ಬೆರಳುದ್ದದ ಕಬ್ಬಿಣದ ತುಂಡು ಕಳಚಿ ಬಿದ್ದರೆ ಗಾಲಿ ಒಂದು ಕಡೆಗೆ, ಗಾಡಿ ಮತ್ತೊಂದು ಕಡೆಗೆ. ಇಂದಿನ ಮೋಟಾರು ವಾಹನದಲ್ಲಿಯೂ ಅಷ್ಟೇ ಪುಟ್ಟದಾದ, ಅಷ್ಟೇ ಮುಖ್ಯವಾದ ಒಂದು ವಸ್ತುವಿದೆ. ಅದು ಫ್ಯೂಸು. ಆದರೆ ಇವೆರಡರ ಧರ್ಮ ಒಂದೇ ಅಲ್ಲ. ಕಡಾಣಿ ಎಂದಿಗೂ ಮುರಿಯಬಾರದೆಂದು ಹಾಕಿದ್ದು. ಫ್ಯೂಸು, ಹೊತ್ತು ಬಂದಾಗ ಮುರಿಯಲೆಂದೇ ಇಟ್ಟದ್ದು.

ಈ ಫ್ಯೂಸನ್ನು ತೆಗೆದು ಹೊಸದನ್ನು ಹಾಕುವ ಬಗೆಯನ್ನು, ಅದರಲ್ಲಿಯೂ ಕೈಗೆ ಸುಲಭವಾಗಿ ಸಿಗದ ಮೂಲೆಯಲ್ಲಿ ಅಡಗಿ ಕುಳಿತ ಫ್ಯೂಸಿನ ವಿಷಯವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ. ಇದು ಮೆಕ್ಯಾನಿಕ್ಕಿಗೆ ಬಿಟ್ಟ ಸಂಗತಿ, ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಒಂದು ವಸ್ತು ಕೈಗೆ ಎಟುಕುತ್ತದೆಯೋ ಇಲ್ಲವೋ ಎಂಬುದು ನಮ್ಮ ನಡವಳಿಕೆಯನ್ನೇ ತಿದ್ದುತ್ತದೆ, ಒಮ್ಮೊಮ್ಮೆ ಕೆಡಿಸುತ್ತದೆ. ಎಟುಕದ ಫ್ಯೂಸು ಒಳ್ಳೆಯ ಜನರಿಂದಲೂ ಅಪಾಯದ ಕೆಲಸವನ್ನು ಮಾಡಿಸುತ್ತದೆ. ಅದು ಹೇಗೆಂಬುದೇ ಇಲ್ಲಿ ಮುಖ್ಯವಾದ ಮಾತು.

ಫ್ಯೂಸ್ ಎಂಬ ಶಬ್ದದ ಮೂಲ ಕರಗುವುದು ಎಂಬ ಅರ್ಥದ ಲ್ಯಾಟಿನ್ ಧಾತು. ಅದರ ಕೆಲಸವೂ ಹೆಸರಿನಲ್ಲಿಯೇ ಇದೆ. 1847ರಲ್ಲಿ ಫ್ರಾನ್ಸಿನ ಬ್ರೆಗೆ ಎಂಬಾತ, ತಂತಿ ಕಚೇರಿಗಳನ್ನು ಸಿಡಿಲಿನಿಂದ ಕಾಪಾಡಲು ದಾರಿಯಲ್ಲಿ ಒಂದು ತೆಳುವಾದ ತಂತಿಯನ್ನು ಸೇರಿಸಬೇಕೆಂದು ಸೂಚಿಸಿದ. ಸಿಡಿಲಿನ ಹೊಡೆತಕ್ಕೆ ಆ ತೆಳು ತಂತಿ ಕರಗಿಹೋದರೆ ಒಳಗಿನ ಯಂತ್ರ ಉಳಿಯುತ್ತದೆ. 1890ರಲ್ಲಿ ಎಡಿಸನ್ ತನ್ನ ವಿದ್ಯುತ್ ವಿತರಣೆಯ ವ್ಯವಸ್ಥೆಯ ಅಂಗವಾಗಿ ಫ್ಯೂಸಿಗೆ ಪೇಟೆಂಟು ಪಡೆದ. ಮೋಟಾರು ಕಾರಿಗೂ ಅದೇ ತತ್ತ್ವ ಬಂದಿತು. ಮಾರಿಸ್ ಮೈನರ್‌ನಂಥ ಹಳೆಯ ಬ್ರಿಟಿಷ್ ಕಾರುಗಳ ಬಾನೆಟ್ಟನ್ನು ಎತ್ತಿದರೆ ಕಣ್ಣೆದುರಿಗೇ ಒಂದು ಪುಟ್ಟ ಪೆಟ್ಟಿಗೆ. ಅದರಲ್ಲಿ ಗಾಜಿನ ಕೊಳವೆಯ ಎರಡು ಫ್ಯೂಸುಗಳು, ಪಕ್ಕದಲ್ಲಿ ಬದಲಿಗೆಂದು ಇನ್ನೆರಡು. ಬೇಕಾದುದೂ ಬದಲಿಯೂ ಒಂದೇ ಕಡೆ, ಕೈಯಳತೆಯಲ್ಲಿ.

ಈಗಿನ ವಾಹನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಚಪ್ಪಟೆ ಕಾಲುಗಳುಳ್ಳ ಪ್ಲಾಸ್ಟಿಕ್ ಮೈಯ ಫ್ಯೂಸು. ಅಮೆರಿಕದ ಲಿಟಲ್‌ಫ್ಯೂಸ್ ಸಂಸ್ಥೆ 1976ರಲ್ಲಿ ಇದನ್ನು ಬಳಕೆಗೆ ತಂದಿತು. ಇದರ ಬಣ್ಣವೇ ಇದರ ಭಾಷೆ. ಕೆಂಪು ಎಂದರೆ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಅಂಕಿಯನ್ನೂ ನೆತ್ತಿಯ ಮೇಲೆ ಬರೆದಿರುತ್ತದೆ. ಒಳಗಿನ ಪಟ್ಟಿ ಸಾಮಾನ್ಯವಾಗಿ ಸತುವಿನದು. ಸತು 419 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ತಂತಿಯ ತಾಮ್ರ ಕರಗಲು 1085 ಡಿಗ್ರಿ ಬೇಕು. ತಾಮ್ರವೂ ಅದರ ಮೇಲಿನ ಹೊದಿಕೆಯೂ ಕೆಡುವ ಮುನ್ನ, ಅಳತೆಯಿಟ್ಟು ಕೊರೆದ ಈ ತೆಳು ಸತುವಿನ ಪಟ್ಟಿ ತಾನು ಕರಗಿ ದಾರಿಯನ್ನು ಕಡಿದುಬಿಡುತ್ತದೆ. ತನಗೆ ಗೊತ್ತುಮಾಡಿದ ಪ್ರವಾಹದ ಎರಡರಷ್ಟು ಹರಿದರೆ ಅದು ಐದು ಸೆಕೆಂಡಿನೊಳಗೆ ಕರಗಬೇಕೆಂಬುದು ಲೆಕ್ಕ.

ಇಷ್ಟು ಬೇಕಾದ ವಸ್ತುವನ್ನು ಏಕೆ ಬಚ್ಚಿಡುತ್ತಾರೆ? ವಾಹನವನ್ನು ರೂಪಿಸುವವರ ಪಕ್ಷದಲ್ಲಿಯೂ ನ್ಯಾಯವಿದೆ. ಫ್ಯೂಸಿಗೆ ನೀರು ತಾಗಬಾರದು, ಎಂಜಿನ್ನಿನ ಕಾವು ತಗುಲಬಾರದು. ಬ್ಯಾಟರಿಯಿಂದ ಫ್ಯೂಸಿನವರೆಗೆ ಬರುವ ತಂತಿಗೆ ಆ ಫ್ಯೂಸಿನ ರಕ್ಷಣೆ ಇಲ್ಲವಾದ್ದರಿಂದ ಆ ದಾರಿ ಆದಷ್ಟು ಗಿಡ್ಡವಾಗಿರಬೇಕು. ಹೀಗಾಗಿ ಒಂದು ಪೆಟ್ಟಿಗೆ ಬಾನೆಟ್ಟಿನ ಕೆಳಗೆ ಬ್ಯಾಟರಿಯ ನೆರೆಯಲ್ಲಿ, ಇನ್ನೊಂದು ಡ್ಯಾಷ್‌ಬೋರ್ಡಿನ ಒಳಮೈಯಲ್ಲಿ ಸೇರಿಕೊಳ್ಳುತ್ತದೆ. ಸ್ಟೀರಿಂಗು ಎಡಗಡೆಗಿರುವ ದೇಶಗಳಿಗೆಂದು ಮೊದಲು ರೂಪಿಸಿದ ಕೆಲವು ಕಾರುಗಳಲ್ಲಿ, ಸ್ಟೀರಿಂಗು ಬಲಕ್ಕೆ ಬಂದರೂ ಫ್ಯೂಸಿನ ಪೆಟ್ಟಿಗೆ ಎಡಕ್ಕೇ ಉಳಿದು, ಸಾಮಾನಿಡುವ ಗ್ಲೋವ್ ಬಾಕ್ಸಿನ ಹಿಂದೆ ಮರೆಯಾಗುತ್ತದೆ. ಇವುಗಳ ಜೊತೆಗೆ ಡ್ಯಾಷ್‌ಬೋರ್ಡು ಕಣ್ಣಿಗೆ ನುಣುಪಾಗಿ ಕಾಣಬೇಕೆಂಬ ಆಸೆ ಬೇರೆ. ಕಣ್ಣಿಗೆ ಅಂದವಾದುದೆಲ್ಲ ಕೈಗೆ ಅನುಕೂಲವಾಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಈಗ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಆಷಾಢದ ಒಂದು ಸಂಜೆ, ಆಗುಂಬೆಯ ಘಾಟಿ, ಆಕಾಶವೇ ಕಳಚಿ ಬಿದ್ದಂಥ ಮಳೆ. ಇದ್ದಕ್ಕಿದ್ದಂತೆ ವೈಪರುಗಳು ಗಾಜಿನ ನಡುವೆಯೇ ನಿಂತುಬಿಡುತ್ತವೆ. ದೀಪಗಳಿವೆ, ಹಾರನ್ ಇದೆ, ವೈಪರು ಮಾತ್ರ ಇಲ್ಲ. ಒಂದೇ ಅಂಗ ಹೀಗೆ ಒಮ್ಮೆಗೇ ನಿಂತರೆ ಮೊದಲು ಸಂದೇಹಿಸಬೇಕಾದದ್ದು ಫ್ಯೂಸನ್ನು. ವಾಹನವನ್ನು ತಿರುವಿನಿಂದ ದೂರ, ಅಗಲವಾದ ಜಾಗದಲ್ಲಿ ನಿಲ್ಲಿಸಿ, ಎಚ್ಚರಿಕೆಯ ದೀಪಗಳನ್ನು ಹಾಕಬೇಕು. ಮಳೆ ತಗ್ಗುವವರೆಗೆ ಕಾಯುವುದರಲ್ಲಿ ಅವಮಾನವೇನೂ ಇಲ್ಲ.

ಮುಂದಿನದು ಸಾವಧಾನದ ಕೆಲಸ. ವೈಪರಿನ ಸ್ವಿಚ್ಚನ್ನು ಆರಿಸಿ, ಕೀಲಿಯನ್ನು ತಿರುಗಿಸಿ ಹೊರಗೆ ತೆಗೆಯಿರಿ. ವೈಪರಿನ ಫ್ಯೂಸು ಯಾವುದೆಂದು ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲೋ ವಾಹನದ ಜೊತೆ ಕೊಟ್ಟ ಪುಸ್ತಕದಲ್ಲೋ ನಕ್ಷೆ ನೋಡಿ ತಿಳಿಯಿರಿ. ಊಹೆಯಿಂದ ಒಂದೊಂದನ್ನೇ ಕೀಳುತ್ತ ಹೋಗಬಾರದು. ಪೆಟ್ಟಿಗೆ ಗ್ಲೋವ್ ಬಾಕ್ಸಿನ ಹಿಂದಿದ್ದರೆ ಅದನ್ನು ಬರಿದುಮಾಡಬೇಕು. ಹಲವು ಕಾರುಗಳಲ್ಲಿ ಅದರ ಎರಡು ಪಕ್ಕಗಳನ್ನು ಒಳಕ್ಕೆ ಒತ್ತಿದರೆ ತಡೆಗಳು ಬಿಟ್ಟುಕೊಂಡು ಪೆಟ್ಟಿಗೆ ಕೆಳಕ್ಕೆ ಬಾಗುತ್ತದೆ. ಬಲಪ್ರಯೋಗ ಮಾಡಿದರೆ ಪ್ಲಾಸ್ಟಿಕ್ಕಿನ ಕೊಂಡಿ ಮುರಿಯುತ್ತದೆ. ಸ್ಟೀರಿಂಗಿನ ಕೆಳಗೆ ತಲೆಕೆಳಗಾಗಿ ನೋಡಬೇಕಾದಲ್ಲಿ ಟಾರ್ಚೂ ಒಂದು ಕೈಗನ್ನಡಿಯೂ ನೆರವಾಗುತ್ತವೆ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವುದೆಂಬುದು ನೆನಪಿರಲಿ. ಇದಕ್ಕಿಂತ ಸುಲಭವಾದ ಉಪಾಯ, ಜೇಬಿನಲ್ಲಿರುವ ಮೊಬೈಲ್ ಫೋನನ್ನು ಒಳಗೆ ಚಾಚಿ ಒಂದು ಚಿತ್ರ ತೆಗೆಯುವುದು. ಮುಟ್ಟುವ ಮುನ್ನ ತೆಗೆದ ಆ ಚಿತ್ರ, ಯಾವುದು ಎಲ್ಲಿತ್ತೆಂಬುದಕ್ಕೂ ಸಾಕ್ಷಿಯಾಗುತ್ತದೆ.

ಕತ್ತಲೆಯ ಆ ಸಂದಿಯಲ್ಲಿ ಲೋಹದ ಇಕ್ಕಳವನ್ನು ಆಡಿಸಬೇಕಾಗಿ ಬಂದರೆ ಮೊದಲು ಬ್ಯಾಟರಿಯ ಋಣಧ್ರುವದ ತಂತಿಯನ್ನು ಬಿಚ್ಚಬೇಕು. ಋಣಧ್ರುವವನ್ನೇ ಮೊದಲು ಏಕೆ? ವಾಹನದ ಇಡೀ ಕಬ್ಬಿಣದ ಮೈ ಅದಕ್ಕೇ ಸೇರಿಕೊಂಡಿದೆ. ಧನಧ್ರುವವನ್ನು ಮೊದಲು ಬಿಚ್ಚಹೊರಟು ಸ್ಪ್ಯಾನರು ಮೈಗೆ ತಾಗಿದರೆ ಕಿಡಿ ಹಾರುವುದು ಖಂಡಿತ. ಆದರೆ ಹೆಚ್ಚಿನ ಪೆಟ್ಟಿಗೆಗಳ ಒಳಗೆ ಇದೇ ಕೆಲಸಕ್ಕೆಂದು ಪ್ಲಾಸ್ಟಿಕ್ಕಿನ ಒಂದು ಪುಟ್ಟ ಚಿಮಟ ಇಟ್ಟಿರುತ್ತಾರೆ. ಅದು ಕೈಸೇರಿದರೆ ಬೇರೇನೂ ಬೇಡ. ಕೆಳಗೊಂದು ಬಟ್ಟೆಯನ್ನು ಹಾಸಿಕೊಳ್ಳುವುದು ಲೇಸು. ಬೆರಳಿನಿಂದ ಜಾರಿದ ಫ್ಯೂಸು ಡ್ಯಾಷ್‌ಬೋರ್ಡಿನ ಹೊಟ್ಟೆಯೊಳಗೆ ಬಿದ್ದರೆ ಮತ್ತೆ ಸಿಗುವುದು ದುರ್ಲಭ. ಫ್ಯೂಸನ್ನು ಅಲುಗಾಡಿಸದೆ, ತಿರುಚದೆ, ನೇರವಾಗಿ ಎಳೆಯಬೇಕು. ಬೆಳಕಿಗೆ ಹಿಡಿದಾಗ ನಡುವಿನ ಪಟ್ಟಿ ಕಡಿದಿದ್ದರೆ, ಪ್ಲಾಸ್ಟಿಕ್ಕು ಕಪ್ಪಿಟ್ಟಿದ್ದರೆ ರೋಗ ಸಿಕ್ಕಿತು. ಅದೇ ಅಳತೆಯ, ಅದೇ ಅಂಕಿಯ ಹೊಸದನ್ನು ಕಾಲುಗಳು ಪೂರ್ತಿ ಇಳಿಯುವವರೆಗೆ ಒತ್ತಬೇಕು. ಅರ್ಧ ಕುಳಿತ ಫ್ಯೂಸು ಬಿಸಿಯಾಗಿ ತಾನು ಕುಳಿತ ತಾಣವನ್ನೇ ಸುಡುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಗಾಳಿಚೀಲಗಳಿರುವ ಕಾರುಗಳಲ್ಲಿ ಅವುಗಳ ತಂತಿಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣದ ಗುರುತಿರುತ್ತದೆ, ಅವನ್ನು ಕದಲಿಸಬಾರದು. ವಿದ್ಯುತ್ ವಾಹನಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಪ್ರಾಣಾಪಾಯದ ವೋಲ್ಟೇಜನ್ನು ಹೊತ್ತಿರುತ್ತವೆ. ಆ ಕಡೆಗೆ ಕೈ ಚಾಚುವುದು ತರಬೇತಿ ಪಡೆದವರ ಕೆಲಸ.

ಇಷ್ಟು ಕಷ್ಟಪಟ್ಟು, ಬೆನ್ನು ನೋಯಿಸಿಕೊಂಡು, ಮೊಣಕೈ ತರಚಿಕೊಂಡು ಫ್ಯೂಸನ್ನು ಹಾಕಿ ಎದ್ದವನ ಮನಸ್ಸಿನಲ್ಲಿ ಏಳುವ ಯೋಚನೆ ಯಾವುದು? ಇನ್ನೊಮ್ಮೆ ಈ ಗುಹೆಯೊಳಗೆ ನುಗ್ಗುವ ಗ್ರಹಚಾರ ಬೇಡ ಎಂಬುದು. ನಾನು ಮೊದಲೇ ಹೇಳಿದ ಅಪಾಯ ಹುಟ್ಟುವುದು ಇಲ್ಲಿಯೇ. ಮತ್ತೊಮ್ಮೆ ಫ್ಯೂಸು ಹೋದರೆ ಆತ ನೀಲಿಯ ಜಾಗಕ್ಕೆ ಹಸಿರನ್ನು ಹಾಕುತ್ತಾನೆ. ಹದಿನೈದರ ಬದಲು ಮೂವತ್ತು. ಅದೂ ಸಿಗದಿದ್ದರೆ ಸಿಗರೇಟಿನ ಪೊಟ್ಟಣದ ಬೆಳ್ಳಿಕಾಗದವನ್ನು ಸುತ್ತುತ್ತಾನೆ, ಇಲ್ಲವೆ ಒಂದು ತುಂಡು ತಾಮ್ರದ ತಂತಿಯನ್ನು ಸಿಕ್ಕಿಸುತ್ತಾನೆ. ವೈಪರು ಆಡುತ್ತದೆ, ಎಲ್ಲರಿಗೂ ಸಮಾಧಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಜ್ವರ ತಂತಿಯಲ್ಲಿಯೇ ಉಳಿಯಿತು, ಶಿಕ್ಷೆ ಫ್ಯೂಸಿಗೆ ಆಯಿತು.

ಈ ಸಮಾಧಾನದ ಬೆಲೆಯನ್ನು ಅಂಕಿಗಳಲ್ಲಿಯೇ ನೋಡಬಹುದು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಹದಿನೈದು ಆಂಪಿಯರಿನ ಫ್ಯೂಸನ್ನು ನಂಬಿ ಎಳೆದ ತಂತಿಯಲ್ಲಿ 28 ಆಂಪಿಯರ್ ಹರಿದರೂ ಮೂವತ್ತರ ಫ್ಯೂಸಿಗೆ ಅದು ಸಹಜವಾದ ಸಂಗತಿ, ಅದು ಕದಲುವುದಿಲ್ಲ. ಅಷ್ಟರಲ್ಲಿ ತಂತಿಯ ಹೊದಿಕೆ ಮೆತ್ತಗಾಗಿ, ಕರಗಿ, ನೆರೆಯ ತಂತಿಗಳಿಗೆ ಅಂಟಿಕೊಂಡಿರುತ್ತದೆ. ಈ ಕಾವು ಕಣ್ಣಿಗೆ ಬೀಳದ ಡ್ಯಾಷ್‌ಬೋರ್ಡಿನ ಒಳಗೆ, ಜಮಖಾನೆಯ ಅಡಿಯಲ್ಲಿ, ಹಿಂದಿನ ಸೀಟಿನಲ್ಲಿ ಮಲಗಿದ ಮಕ್ಕಳ ಕಾಲ ಕೆಳಗೆ ಬೆಳೆಯುತ್ತಿರುತ್ತದೆ. ಕಾವಲಿಗೆ ಇಟ್ಟದ್ದನ್ನು ಕಿತ್ತುಹಾಕಿದ ಮೇಲೆ ಕಾವಲಿನ ಕೆಲಸ ತಂತಿಗೇ ಬಂದಿತು. ತಂತಿಗೆ ಗೊತ್ತಿರುವ ಕಾವಲು ಸುಟ್ಟುಕೊಳ್ಳುವುದೊಂದೇ.

ಹಾಗಾದರೆ ಘಾಟಿಯಲ್ಲಿ ಸಿಕ್ಕಿಕೊಂಡವನು ಮಾಡಬೇಕಾದುದೇನು? ಬದಲಿ ಫ್ಯೂಸು ಇಲ್ಲದಿದ್ದರೆ, ಸದ್ಯಕ್ಕೆ ಬೇಡವಾದ ಬೇರೊಂದು ಉಪಕರಣದಿಂದ, ಹಾಡಿನ ಯಂತ್ರದಿಂದಲೋ ಸಿಗರೇಟು ಹೊತ್ತಿಸುವ ಸಾಕೆಟ್ಟಿನಿಂದಲೋ, ಅದೇ ಅಂಕಿಯದನ್ನು ಎರವಲು ಪಡೆಯಬಹುದು. ತಾತ್ಕಾಲಿಕವಾಗಿ ಕಡಿಮೆ ಅಂಕಿಯದನ್ನು ಹಾಕಿದರೂ ಹಾನಿಯಿಲ್ಲ. ಹೆಚ್ಚಿನದನ್ನು ಮಾತ್ರ ಎಂದಿಗೂ ಹಾಕಬಾರದು. ಹೊಸ ಫ್ಯೂಸೂ ಹಾಕಿದೊಡನೆ ಹೋದರೆ ಮೂರನೆಯದನ್ನು ಹುಡುಕುವ ಬದಲು ಕಾರಣವನ್ನು ಹುಡುಕಬೇಕು. ವೈಪರಿಗೆ ಒಂದು ರೆಂಬೆಯ ತುಂಡು ಸಿಕ್ಕಿ ಮೋಟಾರು ತಿರುಗಲಾರದೆ ಹೆಚ್ಚಿನ ಪ್ರವಾಹವನ್ನು ಎಳೆದಿರಬಹುದು. ಇಲಿ ಹೊದಿಕೆಯನ್ನು ಕಡಿದಿರಬಹುದು. ಲೋಹದ ತಗಡನ್ನು ಹಾದುಹೋಗುವಲ್ಲಿ ರಬ್ಬರಿನ ಬಳೆ ಸವೆದು ತಂತಿ ಬೆತ್ತಲಾಗಿರಬಹುದು. ಸಿಗರೇಟಿನ ಸಾಕೆಟ್ಟಿನೊಳಗೆ ಒಂದು ನಾಣ್ಯ ಬಿದ್ದಿದ್ದರೂ ಸಾಕು, ಆ ಸಾಲಿನ ಫ್ಯೂಸು ಹೋಗುತ್ತದೆ. ಫ್ಯೂಸು ಹೇಳುವುದು ಇಷ್ಟೆ: ಈ ದಾರಿಯಲ್ಲಿ ಏನೋ ಸರಿಯಿಲ್ಲ. ಹೇಳಿದವನ ಬಾಯಿ ಮುಚ್ಚಿಸಿದ ಮಾತ್ರಕ್ಕೆ ಸುದ್ದಿ ಸುಳ್ಳಾಗುವುದಿಲ್ಲ.

ವಾಹನಗಳನ್ನು ರೂಪಿಸುವವರಲ್ಲಿ ನಮ್ಮ ಕೋರಿಕೆ ಇಷ್ಟು: ಕೆಡಲೆಂದೇ ಇಟ್ಟ ವಸ್ತುವನ್ನು ಬದಲಾಯಿಸಲು ಬರುವಂತೆ ಇಡಿ, ಅಂದಕ್ಕೆ ಕೊಟ್ಟ ಮರ್ಯಾದೆಯಲ್ಲಿ ಒಂದು ಪಾಲನ್ನು ಮೊಣಕೈಗೂ ಕೊಡಿ. ವಾಹನವುಳ್ಳವರಲ್ಲಿಯೂ ಒಂದು ಬಿನ್ನಹವಿದೆ. ಬರುವ ಭಾನುವಾರ ಹಗಲು ಹೊತ್ತಿನಲ್ಲಿ, ಮನೆಯಂಗಳದಲ್ಲಿ, ಅವಸರವಿಲ್ಲದೆ ನಿಮ್ಮ ಕಾರಿನ ಫ್ಯೂಸಿನ ಪೆಟ್ಟಿಗೆ ಎಲ್ಲಿದೆಯೆಂದು ಹುಡುಕಿ ನೋಡಿ. ಮುಚ್ಚಳವನ್ನು ಒಮ್ಮೆ ತೆಗೆದು ಹಾಕಿ ಕೈಗೆ ದಾರಿಯನ್ನು ಕಲಿಸಿ. ಪ್ರತಿಯೊಂದು ಬಣ್ಣದ ಎರಡೆರಡು ಫ್ಯೂಸುಗಳನ್ನೂ ಒಂದು ಟಾರ್ಚನ್ನೂ ಚಿಕ್ಕ ಡಬ್ಬಿಯಲ್ಲಿ ಹಾಕಿ ವಾಹನದಲ್ಲಿಡಿ. ಹಿಂದಿನವರು ಯಾರಾದರೂ ಬೆಳ್ಳಿಕಾಗದ ಸುತ್ತಿದ್ದಾರೆಯೇ, ಅಂಕಿ ತಪ್ಪಿಸಿ ಹಾಕಿದ್ದಾರೆಯೇ ಎಂದು ಆಗಲೇ ಪರೀಕ್ಷಿಸಿ. ಅಂಗಳದಲ್ಲಿ ಕಳೆದ ಅರ್ಧ ಗಂಟೆ ಘಾಟಿಯ ಕತ್ತಲಿನಲ್ಲಿ ಉಪಯೋಗಕ್ಕೆ ಬರುತ್ತದೆ; ಅಲ್ಲಿ ಹೊಸದಾಗಿ ಕಲಿಯುವುದಕ್ಕೆ ಮಳೆ ಬಿಡುವು ಕೊಡುವುದಿಲ್ಲ.