ಆಗುವುದು, ಕೈಗೂಡುವುದು, ಬಾಳುವುದು



ಮಲೆನಾಡಿನ ಹಳ್ಳಿಗೆ ಯೋಜನೆಯ ಯಂತ್ರಗಳಿಗಿಂತ ಮೊದಲು ಬರುವುದು ಅದರ ವರದಿ. ಅದರಲ್ಲಿ ಮೂರು ಇಂಗ್ಲಿಷ್ ಪದಗಳು ಮರಳಿ ಮರಳಿ ಎದುರಾಗುತ್ತವೆ: ಪಾಸಿಬಲ್, ಫೀಸಿಬಲ್, ವಯಬಲ್. ಕನ್ನಡದ ಸಾರಾಂಶದಲ್ಲಿ ಮೂರನ್ನೂ ‘ಸಾಧ್ಯ’ ಎಂಬ ಒಂದೇ ಪದಕ್ಕೆ ಇಳಿಸಿದರೆ, ಜನ ಕೇಳಬೇಕಾದ ಮೂರು ಪ್ರಶ್ನೆಗಳಲ್ಲಿ ಎರಡು ಕಳೆದುಹೋಗುತ್ತವೆ.

ಪಾಸಿಬಲ್ ಎಂದರೆ ನಡೆಯಬಹುದಾದದ್ದು, ಅಷ್ಟೆ. ಫೀಸಿಬಲ್ ಪದದ ಬೇರು ‘ಮಾಡು’ ಎಂಬರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ಇರುವ ಹಣ, ಕಾಲ, ತಂತ್ರಜ್ಞಾನಗಳೊಳಗೆ ಮಾಡಿ ಮುಗಿಸಬಹುದಾದದ್ದು ಫೀಸಿಬಲ್. ವಯಬಲ್ ಹುಟ್ಟಿದ್ದು ‘ಬದುಕು’ ಎಂಬರ್ಥದ ಫ್ರೆಂಚ್ ಪದದಿಂದ. ಹುಟ್ಟಿದ ಶಿಶು ಉಳಿದು ಬಾಳಬಲ್ಲುದೇ ಎಂಬುದನ್ನು ಸೂಚಿಸಲು ಬಳಕೆಗೆ ಬಂದ ಆ ಪದ, ಇಂದಿನ ವರದಿಗಳಲ್ಲಿ ಬಹುತೇಕ ಹಣದ ಲಾಭನಷ್ಟವನ್ನೇ ಹೇಳುತ್ತದೆ.

ಕನ್ನಡದಲ್ಲಿ ಈ ಭೇದ ಇಲ್ಲದಿಲ್ಲ. ಗುಡ್ಡದ ನೆತ್ತಿಯ ಮೇಲೆ ಅಡಿಕೆ ಸಸಿ ನೆಡಲು ಆಗುತ್ತದೆ. ಕೊಡ ಹೊತ್ತು ಒಂದು ಬೇಸಿಗೆ ದಾಟಿಸುವುದು ಕೈಗೂಡಲೂಬಹುದು. ಆದರೆ ಆ ಸಸಿ ಬಾಳುತ್ತದೆಯೇ ಎಂದು ಕೇಳಿದರೆ ಯಾವ ತೋಟಿಗನೂ ತಲೆಯಾಡಿಸುವುದಿಲ್ಲ.

ಎತ್ತಿನಹೊಳೆ ಯೋಜನೆಯನ್ನು ಈ ಮೂರು ಮಾತುಗಳಿಂದ ಅಳೆಯಬಹುದು. ನೀರೆತ್ತಲು ಆಗುತ್ತದೆ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆಯೂ ದೊರೆಯಿತು. ಕೈಗೂಡುವ ಲೆಕ್ಕ ಮಾತ್ರ ಬೆಳೆಯುತ್ತಲೇ ಹೋಯಿತು: 2012ರಲ್ಲಿ ಸುಮಾರು 8,323 ಕೋಟಿ ರೂಪಾಯಿಗಳಿದ್ದ ಅಂದಾಜು 2023ರಲ್ಲಿ 23,251 ಕೋಟಿ ದಾಟಿತು. ಯೋಜನೆ ಎಣಿಸಿದ ನೀರು 24.01 ಟಿಎಂಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಂಡ ಇಳುವರಿ 9.55 ಟಿಎಂಸಿ. ಬಾಳುವ ಪ್ರಶ್ನೆ ಈ ಅಂತರದಲ್ಲಿಯೇ ಇದೆ. ಅದು ಘಟ್ಟದ ಹೊಳೆಗೂ ಬಯಲುಸೀಮೆಯ ಬಾಯಾರಿದ ಊರುಗಳಿಗೂ ಸಮಾನವಾಗಿ ಸೇರಿದ ಪ್ರಶ್ನೆ.

ವಿರೋಧಿಸಿದವರನ್ನು ‘ಪ್ರಾಕ್ಟಿಕಲ್ ಅಲ್ಲದವರು’ ಎಂದು ತಳ್ಳಿಹಾಕುವುದು ಸುಲಭ. ಆದರೆ 1981ರ ಜನವರಿಯಲ್ಲಿ ಶಿರಸಿಯ ವಿಚಾರ ಸಂಕಿರಣಕ್ಕೆ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ, ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟವನ್ನು ಕಾಡು ತೋಟಗಳ ಬೆಲೆ ಸೇರಿಸಿ ಮತ್ತೆ ಎಣಿಸುವಂತೆ ಮಾಡಿದವರು ತೋಟಗಾರರೇ. ಅಣೆಕಟ್ಟು ಮೇಲೇಳಲಿಲ್ಲ. ಲೆಕ್ಕ ಕೇಳುವುದಕ್ಕಿಂತ ವ್ಯಾವಹಾರಿಕವಾದುದು ಬೇರೇನಿದೆ?

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ದೊರೆಯಬೇಕು. ಜನರ ಪ್ರತಿಕ್ರಿಯೆಗೆ ಕನಿಷ್ಠ 30 ದಿನಗಳ ಅವಕಾಶವಿರಬೇಕು. ಆ ದಿನಗಳಲ್ಲಿ ಪ್ರತಿಯೊಂದು ‘ಸಾಧ್ಯ’ದ ಕೆಳಗೂ ಗೆರೆ ಎಳೆದು ಲಿಖಿತವಾಗಿ ಕೇಳಬೇಕಾದುದು ಇಷ್ಟೇ: ಇದು ಆಗುವುದೆ? ಇಷ್ಟು ಹಣದಲ್ಲಿ ಕೈಗೂಡುವುದೆ? ಕೈಗೂಡಿದ ಮೇಲೆ ಬಾಳುವುದೆ, ಯಾರ ಬಾಳನ್ನು ಕಳೆದು? ಮೂರಕ್ಕೂ ಉತ್ತರ ನಡವಳಿಯಲ್ಲಿ ದಾಖಲಾಗುವವರೆಗೆ ಸಹಿಗೆ ಅವಸರಪಡಬೇಕಾಗಿಲ್ಲ.