ಜರಡಿಯ ಕಣ್ಣು

ಅಡುಗೆಮನೆಯ ಮೊಳೆಗೆ ತೂಗುಬಿದ್ದಿರುವ ಜರಡಿಯನ್ನು ನೀವು ದಿನವೂ ನೋಡುತ್ತೀರಿ. ನೋಡಿಯೂ ನೋಡದಂತೆ ಇರುತ್ತೀರಿ. ಹಿಟ್ಟಿಗೊಂದು, ರವೆಗೊಂದು, ಕಾಳಿಗೊಂದು, ಕಾಫಿ ಚಹಾ ಸೋಸಲು ಮತ್ತೊಂದು, ಹೀಗೆ ಒಂದೇ ಮನೆಯಲ್ಲಿ ನಾಲ್ಕು ಬಗೆಯವು ಇರುವುದುಂಟು. ಹೆಸರೂ ಊರಿಂದೂರಿಗೆ ಬೇರೆ. ಮೈಸೂರಿನ ಕಡೆ ಜರಡಿ, ಒಂದರಿ ಎಂದರೆ, ಧಾರವಾಡದ ಕಡೆಯವರು ಸಾಣಿಗೆ ಎನ್ನುತ್ತಾರೆ. ಹೆಸರು ಏನೇ ಇರಲಿ, ಅದರ ತೂತಿಗೆ ನಮ್ಮವರು ಕೊಟ್ಟ ಹೆಸರು ಕಣ್ಣು. "ಇದರ ಕಣ್ಣು ಸಣ್ಣದು, ರವೆ ಇಳಿಯದು" ಎನ್ನುತ್ತೇವೆ. ಆ ಕಣ್ಣಿಗೆ ಕಾಣುವುದು ಒಂದೇ ಒಂದು ಗುಣ, ಗಾತ್ರ. ಒಳ್ಳೆಯದು, ಕೆಟ್ಟದ್ದು ಎಂಬ ಭೇದ ಅದಕ್ಕಿಲ್ಲ. ಇಳಿದದ್ದು ಒಳ್ಳೆಯದು, ಉಳಿದದ್ದು ಕಸ ಎಂಬ ತೀರ್ಪು ನಮ್ಮದು. ಈ ತೀರ್ಪು ಎಷ್ಟೋ ಸಲ ತಲೆಕೆಳಗಾಗುತ್ತದೆ. ಅದನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಮೊದಲು ರಾಗಿಯನ್ನೇ ತೆಗೆದುಕೊಳ್ಳಿ. ಕೂಸಿಗೆ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಆಮೇಲೆ ತೆಳುಬಟ್ಟೆಯಲ್ಲಿ ಹಿಟ್ಟನ್ನು ಜಾಲಿಸುತ್ತಾರೆ. ಎಳೆಯ ಕರುಳಿಗೆ ತೌಡು ಭಾರ. ಆದ್ದರಿಂದ ಅದು ಸರಿಯಾದ ಕ್ರಮವೇ. ಆದರೆ ಅದೇ ಅಭ್ಯಾಸವನ್ನು ದೊಡ್ಡವರ ಮುದ್ದೆಗೂ ರೊಟ್ಟಿಗೂ ತಂದುಕೊಂಡರೆ ನಷ್ಟ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ಅದರಲ್ಲಿ ಒಳ್ಳೆಯ ಪಾಲು ಇರುವುದು ಕಾಳಿನ ಕೆಂಪು ಸಿಪ್ಪೆಯಲ್ಲಿ. ಬಟ್ಟೆಯ ಮೇಲೆ ಉಳಿದ ಆ ತೌಡನ್ನು ಹಸು ಕಟ್ಟಿದ ಮನೆಯಲ್ಲಿ ಕಲಗಚ್ಚಿಗೆ ಸುರಿಯುತ್ತಾರೆ. ಹಸುವಿಗೇನೋ ಲಾಭವೇ. ಗೋಧಿಹಿಟ್ಟಿನ ಮಾತೂ ಬಹುಮಟ್ಟಿಗೆ ಹೀಗೆಯೇ. ಹುಳು, ಕಡ್ಡಿ, ಕಲ್ಲು ತೆಗೆಯಬೇಕಾದರೆ ದೊಡ್ಡ ಕಣ್ಣಿನ ಜರಡಿ ಸಾಕು.

ಕೆಲವು ವರ್ಷಗಳ ಹಿಂದೆ ನಾನೂ ಇಂಥದೇ ಪೆದ್ದುತನ ಮಾಡಿದೆ, ಹಿಟ್ಟಿನಲ್ಲಲ್ಲ, ಮರಳಿನಲ್ಲಿ. ಹಿತ್ತಿಲ ಗೋಡೆಗೆ ಗಾರೆ ಮಾಡಿಸುತ್ತಿದ್ದೆ. ಮೇಸ್ತ್ರಿ ಮರಳನ್ನು ತನ್ನ ಜರಡಿಯಲ್ಲಿ ಹಿಡಿದಿದ್ದ. ನನಗೆ ಸಮಾಧಾನವಾಗಲಿಲ್ಲ. ಗೋಡೆ ಕನ್ನಡಿಯಂತೆ ನಯವಾಗಿರಲಿ ಎಂದು, ಇನ್ನೂ ಸಣ್ಣ ಕಣ್ಣಿನ ಜಾಲರಿ ತಂದುಕೊಟ್ಟು ಮತ್ತೊಮ್ಮೆ ಹಿಡಿಸಿದೆ. "ದಪ್ಪ ಮರಳೂ ಸ್ವಲ್ಪ ಇರಬೇಕು ಸ್ವಾಮಿ" ಎಂದ, ನಾನು ಕೇಳಲಿಲ್ಲ. ಮೊದಲ ಬೇಸಗೆಗೇ ಗೋಡೆಯ ತುಂಬ ಜೇಡರಬಲೆಯಂತೆ ಬಿರುಕು. ಕಾರಣ ಕಷ್ಟದ್ದಲ್ಲ. ದಪ್ಪ ಹರಳುಗಳ ಸಂದಿಯನ್ನು ನಡುಗಾತ್ರದವು ತುಂಬಬೇಕು, ಅವುಗಳ ಸಂದಿಯನ್ನು ಸಣ್ಣವು. ಎಲ್ಲವೂ ಸಣ್ಣವೇ ಆದರೆ ನೀರು ಹೆಚ್ಚು ಬೇಕಾಗುತ್ತದೆ. ಆ ನೀರು ಆರಿದಾಗ ಗಾರೆ ಕುಗ್ಗಿ ಸೀಳುತ್ತದೆ.

ಕಟ್ಟಡದ ಸಾಮಗ್ರಿಯನ್ನು ಪರೀಕ್ಷಿಸುವವರು ಇದಕ್ಕಾಗಿಯೇ ಒಂದಲ್ಲ, ಒಂದರ ಮೇಲೊಂದು ಏರಿಸಿದ ಆರೇಳು ಜರಡಿಗಳನ್ನು ಇಟ್ಟುಕೊಂಡಿರುತ್ತಾರೆ. ಮೇಲಿನದರ ಕಣ್ಣು 4.75 ಮಿಲಿಮೀಟರ್, ಅದರ ಕೆಳಗೆ 2.36, 1.18, ಆಮೇಲೆ 600, 300, 150 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಪ್ರತಿಯೊಂದರ ಕಣ್ಣೂ ಮೇಲಿನದರ ಸುಮಾರು ಅರ್ಧ. ಒಣಗಿದ ಮರಳನ್ನು ತೂಗಿ ಮೇಲಿನಿಂದ ಸುರಿದು ಅಲುಗಿಸಿ, ಯಾವ ಜರಡಿಯಲ್ಲಿ ಎಷ್ಟು ನಿಂತಿತೆಂದು ಮತ್ತೆ ತೂಗುತ್ತಾರೆ. ಇಲ್ಲಿ ಯಾವುದೂ ಕಸವಲ್ಲ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಕೆಡುಕಿನದೇನಾದರೂ ಇದ್ದರೆ ಅದು ಎಲ್ಲ ಕಣ್ಣುಗಳನ್ನೂ ದಾಟಿ ಹೋಗುವ ಜೇಡಿ ದೂಳು. ನದಿಯ ಮರಳಿನಲ್ಲಿ 75 ಮೈಕ್ರಾನಿಗಿಂತ ಸಣ್ಣದಾದದ್ದು ನೂರಕ್ಕೆ 3 ಪಾಲು ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ.

ಇನ್ನು, ನಮ್ಮ ಕೈ ಮಾಡದ ಒಂದು ಜರಡಿ ಇದೆ. ಕುಂಬಳದ ಬಳ್ಳಿಯ ದಂಟನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಕಾಣುತ್ತದೆ. ಉದ್ದನೆಯ ಕೋಶಗಳು ಒಂದರ ತುದಿಗೆ ಒಂದು ಕೂಡಿಕೊಂಡು ನಾಳವಾಗಿರುತ್ತವೆ, ಕೂಡಿದಲ್ಲಿ ಅಡ್ಡಗೋಡೆ, ಆ ಗೋಡೆಯ ತುಂಬ ಕೆಲವೇ ಮೈಕ್ರಾನ್ ಅಗಲದ ಕಣ್ಣುಗಳು. ಜರ್ಮನಿಯ ಅರಣ್ಯಶಾಸ್ತ್ರಜ್ಞ ತಿಯೋಡರ್ ಹಾರ್ಟಿಗ್ 1837ರಲ್ಲಿ ಇದನ್ನು ಗುರುತಿಸಿದ. ಜರಡಿ ನಾಳವೆಂಬ ಹೆಸರು ಅಂದಿನಿಂದ ನಿಂತಿತು.

ಈ ಜರಡಿ ಸೋಸುವುದೇನನ್ನು? ಏನನ್ನೂ ಅಲ್ಲ. ಅದು ಬರಿಯ ದಾರಿ. ಎಲೆಯಲ್ಲಿ ಬಿಸಿಲು ಸಿದ್ಧಪಡಿಸಿದ ಸಕ್ಕರೆ ಈ ನಾಳದೊಳಗೆ ತುಂಬಿಕೊಳ್ಳುತ್ತದೆ, ಸಕ್ಕರೆ ಇದ್ದಲ್ಲಿಗೆ ನೀರು ನುಗ್ಗುತ್ತದೆ, ಒತ್ತಡ ಏರುತ್ತದೆ. ಅತ್ತ ಬೇರು, ಕಾಯಿ, ಚಿಗುರು ಸಕ್ಕರೆಯನ್ನು ತೆಗೆದುಕೊಳ್ಳುತ್ತಿರುವುದರಿಂದ ಅಲ್ಲಿ ಒತ್ತಡ ಕಡಿಮೆ. ಪಾನಕ ಆ ಕಡೆಗೆ ಹರಿಯುತ್ತದೆ. 1930ರಲ್ಲಿ ಎರ್ನ್‌ಸ್ಟ್ ಮ್ಯೂಂಖ್ ವಿವರವಾಗಿ ಮಂಡಿಸಿದ ವಾದ ಇದು. ಇಂದಿಗೂ ಬಹುಮಂದಿ ಒಪ್ಪುವುದು ಇದನ್ನೇ. ಆ ಒತ್ತಡವನ್ನು ನಮಗೆ ತೋರಿಸಿಕೊಟ್ಟದ್ದು ಸಸ್ಯಹೇನು. ಅವರೆಯ ಕುಡಿಯಲ್ಲಿ ಕಪ್ಪಗೆ ಮುತ್ತಿಕೊಂಡು ಇರುವೆಗಳನ್ನು ಕರೆಯುತ್ತದಲ್ಲ, ಅದೇ. ಅದು ತನ್ನ ಸೂಜಿಮೂತಿಯನ್ನು ನೇರವಾಗಿ ಜರಡಿ ನಾಳಕ್ಕೆ ಇಳಿಸುತ್ತದೆ. ಇಂಗ್ಲೆಂಡಿನಲ್ಲಿ ಕೆನೆಡಿ ಮತ್ತು ಮಿಟ್ಲರ್ ಎಂಬುವರು ಹೀರುತ್ತಿರುವ ಹೇನಿನ ಮೂತಿಯನ್ನು ಕತ್ತರಿಸಿ ಅಲ್ಲೇ ಬಿಟ್ಟರು. ಹೇನಿಲ್ಲದಿದ್ದರೂ ಮೂತಿಯ ತುದಿಯಿಂದ ರಸ ಒಸರುತ್ತಲೇ ಇತ್ತು. ಹೇನು ಹೀರುವುದಕ್ಕಿಂತ ಗಿಡವೇ ಅದಕ್ಕೆ ಉಣಿಸುತ್ತದೆ ಎಂದರೂ ಸಲ್ಲುತ್ತದೆ! ಇದು 1953ರ ಮಾತು.

ನಮ್ಮ ಜರಡಿಗಿಲ್ಲದ ಒಂದು ವಿದ್ಯೆ ಗಿಡದ ಜರಡಿಗೆ ಇದೆ. ಗಾಯವಾದರೆ ತನ್ನ ಕಣ್ಣನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕ್ಯಾಲೋಸ್ ಎಂಬ ಪದಾರ್ಥ ತೂತಿನ ಸುತ್ತ ಕಟ್ಟಿಕೊಂಡು ಸೋರಿಕೆ ನಿಲ್ಲುತ್ತದೆ. ತೆಂಗಿನ ಹೊಂಬಾಳೆಯಿಂದ ನೀರಾ ಇಳಿಸುವವನು ದಿನವೂ ಮರ ಹತ್ತಿ ತುದಿಯನ್ನು ತೆಳುವಾಗಿ ಹೊಸದಾಗಿ ಕೊಯ್ಯುವುದು ಇದಕ್ಕಾಗಿಯೇ. ಜರಡಿ ಕಣ್ಣು ಮುಚ್ಚುತ್ತದೆ, ಅವನು ತೆರೆಯುತ್ತಾನೆ. ಹಾಗೆ ಇಳಿದ ನೀರಾದಲ್ಲಿ ನೂರಕ್ಕೆ 12ರಿಂದ 15 ಪಾಲು ಸಕ್ಕರೆ.

ಇದೇ ಸಕ್ಕರೆ ಹೂವಿನ ಬುಡಕ್ಕೆ ಬಂದು, ಅಲ್ಲಿಯ ಗ್ರಂಥಿಗಳಿಂದ ಹೊರಗೆ ಒಸರಿದರೆ ಅದು ಮಕರಂದ. ಜೇನುನೊಣ ಅದನ್ನು ಹೊತ್ತು ತಂದು, ತನ್ನ ಜೊಲ್ಲಿನ ಕಿಣ್ವವನ್ನು ಬೆರೆಸಿ, ರೆಕ್ಕೆ ಬೀಸಿ ನೀರನ್ನು ಆರಿಸುತ್ತದೆ. ನೀರಿನಂಶ ನೂರಕ್ಕೆ 20ಕ್ಕಿಂತ ಕೆಳಗಿಳಿದ ಮೇಲೆ ಮೇಣದ ಮುಚ್ಚಳ ಹಾಕುತ್ತದೆ.

ಅಲ್ಲಿಂದ ಮುಂದೆ ಮತ್ತೆ ನಮ್ಮ ಜರಡಿಯ ಕೆಲಸ. ಹಿಂಡಿದ ಜೇನನ್ನು ಬಟ್ಟೆಯಲ್ಲಿ ಸೋಸಿದರೆ ಮೇಣದ ಚೂರು, ನೊಣದ ಕಾಲು ರೆಕ್ಕೆ ಮೇಲೆ ನಿಲ್ಲುತ್ತವೆ. ಹೂವಿನ ಪರಾಗದ ಕಣಗಳು ಬಹುತೇಕ 20ರಿಂದ 60 ಮೈಕ್ರಾನ್ ಗಾತ್ರದವು. ಅವು ಇಳಿದು ಜೇನಿನಲ್ಲಿ ಉಳಿಯುತ್ತವೆ. ಉಳಿಯಲೇಬೇಕು. ಒಂದೊಂದು ಗಿಡದ ಪರಾಗಕ್ಕೂ ಒಂದೊಂದು ಆಕಾರ. ಬಲ್ಲವರು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ನೇರಳೆಯ ಜೇನು, ಇದು ಹೊಂಗೆಯದು, ಇದು ಇಂಥ ಸೀಮೆಯದು ಎಂದು ಹೇಳಬಲ್ಲರು. ಆದರೆ ಸೀಸೆಯಲ್ಲಿ ಗಾಜಿನಂತೆ ಹೊಳೆಯಲಿ ಎಂದು ಯಂತ್ರದಲ್ಲಿ ಅತಿ ಸಣ್ಣ ಕಣ್ಣಿನಲ್ಲಿ ಸೋಸಿದರೆ ಪರಾಗವೂ ಹೋಗುತ್ತದೆ. ಜೇನಿನ ಜಾತಕವೇ ಹೋದಂತಾಯಿತು. ಅಂಥದನ್ನು "ಸೋಸಿದ ಜೇನು" ಎಂದೇ ಚೀಟಿಯಲ್ಲಿ ತಿಳಿಸಬೇಕೆಂಬುದು ಅಂತರರಾಷ್ಟ್ರೀಯ ಆಹಾರ ಮಾನಕದ ನಿಯಮ. ಇನ್ನು ಬೆರಕೆಯ ಸಕ್ಕರೆ ಪಾಕವೋ, ಅದು ಯಾವ ಜರಡಿಯಲ್ಲೂ ನಿಲ್ಲುವುದಿಲ್ಲ. ಕೊಳ್ಳುವಾಗ ತಿಳಿತನ ಕಂಡು ಮರುಳಾಗಬೇಡಿ. ಸ್ವಲ್ಪ ಮಬ್ಬಾದ ಜೇನನ್ನು ಮಬ್ಬೆಂಬ ಒಂದೇ ಕಾರಣಕ್ಕೆ ಹಿಂತಿರುಗಿಸಲೂ ಬೇಡಿ.

ಮಲೆನಾಡಿನ ನೆಂಟರು ಹಲ್ಲೆಯ ಸಮೇತ ತುಡುವೆ ಜೇನು ತಂದುಕೊಟ್ಟರೆ, ಒಂದೇ ಮಡಿಕೆಯ ಬಿಳಿ ತೆಳುಬಟ್ಟೆಯನ್ನು ಪಾತ್ರೆಯ ಬಾಯಿಗೆ ಕಟ್ಟಿ, ರಾತ್ರಿಯಿಡೀ ತಾನಾಗಿ ಇಳಿಯಲು ಬಿಡಿ, ಕಾಯಿಸಬೇಡಿ, ಹಿಂಡಬೇಡಿ. ಬೆಳಗ್ಗೆ ಬಟ್ಟೆಯ ಮೇಲೆ ಉಳಿದಿರುವ ಮೇಣವನ್ನು ತೊಳೆದು, ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಡಬ್ಬಿಯಲ್ಲಿ ತುಂಬಿಡಿ. ಚಳಿಗಾಲದಲ್ಲಿ ಹಿಮ್ಮಡಿ ಒಡೆದವರು ಹಚ್ಚಿಕೊಳ್ಳಬಹುದು.