ನದಿ ದಂಡೆಯ ನಮ್ಮ ಊರು

(ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶಿಕ್ಷಣದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದವರು ಕೇಳಿದ್ದಾರೆ. ಅಂಕ, ಸೀಟು, ವಿದ್ಯಾರ್ಥಿವೇತನಗಳ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ನಮ್ಮ ಊರಿನ ಬಗ್ಗೆ ಮಾತನಾಡುತ್ತೇನೆ. ಮೊದಲಿಗೆ ಒಂದು ಪ್ರಶ್ನೆ. ಗೌರಿಬಿದನೂರಿನಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಎಷ್ಟು ಮಂದಿ, ನಮ್ಮ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆ ಎಂದು ತಟ್ಟನೆ ಹೇಳಬಲ್ಲಿರಿ?

ಉತ್ತರ ಪಿನಾಕಿನಿ ನಂದಿ ಬೆಟ್ಟಗಳ ಸಾಲಿನಲ್ಲಿರುವ ಚನ್ನಕೇಶವ ಬೆಟ್ಟದಲ್ಲಿ ಹುಟ್ಟುತ್ತದೆ. ನಮ್ಮ ಊರನ್ನು ಹಾದು ಆಂಧ್ರಕ್ಕೆ ಹೋಗಿ ಪೆನ್ನಾ ಎಂಬ ಹೆಸರು ಪಡೆಯುತ್ತದೆ. ಅನಂತಪುರ, ಕಡಪ ಸೀಮೆಗಳನ್ನು ದಾಟಿ, ಒಟ್ಟು 597 ಕಿಲೋಮೀಟರ್ ಹರಿದು, ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಮ್ಮ ನಾನಿ ಬೇಸಿಗೆಯಲ್ಲಿ ಇದೇ ನದಿಯ ಮರಳಿನಲ್ಲಿ ಒರತೆ ತೋಡಿ, ಚಿಪ್ಪಿನಿಂದ ನೀರು ಮೊಗೆದು ಬಿಂದಿಗೆ ತುಂಬಿಸಿಕೊಂಡು ಬರುತ್ತಿದ್ದರಂತೆ. ಆಗ ಯಾರು ಯಾರು ಜೊತೆಗೆ ಬರುತ್ತಿದ್ದರು, ಯಾವ ಭಾಷೆಯಲ್ಲಿ ಹರಟುತ್ತಿದ್ದರು ಎಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಇಂದಿನ ನನ್ನ ಮಾತಿಗೆ ಕಾರಣ ಈ ಕೊರಗೇ.

ನಮ್ಮದು ಗಡಿಯ ಊರು. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮೂರನ್ನೂ ಎಡವದೆ ಮಾತನಾಡುವುದು ಇಲ್ಲಿ ವಿಶೇಷವೇ ಅಲ್ಲ. ನಾವು ದಿನವೂ ಆಡುವ ಕನ್ನಡದಲ್ಲಿರುವ ರೈತ, ವಸೂಲಿ ಎಂಬ ಮಾತುಗಳ ಮೂಲ ಅರಬ್ಬಿ; ಜಮೀನು ಪಾರಸಿಯಿಂದ ಬಂದದ್ದು. ಸಾರಿಗೆ ಹಾಕುವ ಮೆಣಸಿನಕಾಯಿಯಂತೂ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ಬಂತು. ಸಣ್ಣ ಊರಿನ ಅಡುಗೆಮನೆಯಲ್ಲೂ ದೊಡ್ಡ ಚರಿತ್ರೆ ಇರುತ್ತದೆ.

ನಮ್ಮ ತಾಲ್ಲೂಕಿನ ವಿದುರಾಶ್ವತ್ಥದ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 1938ರ ಏಪ್ರಿಲ್ 25ರಂದು, ಜಾತ್ರೆಯ ಸಮಯದಲ್ಲಿ, ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. ಜನರ ಲೆಕ್ಕ ಮೂವತ್ತನ್ನು ದಾಟಿತು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಬಂದದ್ದು ಹಾಗೆ.

ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ಹೆಸರು ಹೇಳುವಾಗ ನಮಗೆ ಹೆಮ್ಮೆ. ಬೃಂದಾವನ ಉದ್ಯಾನ, ಕೈಗಾರಿಕೆಗಳು, ಊರುಗಳ ಅಂದ ಎಲ್ಲವನ್ನೂ ನೆನೆಯುತ್ತೇವೆ. ಆದರೆ ಗುಂಡು ಹಾರಿದ್ದು ಅವರ ಆಡಳಿತದಲ್ಲೇ ಎಂಬುದನ್ನೂ ಹೇಳಬೇಕು. ಆ ಮೇಲೆ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದರು. ಮಾತುಕತೆ ನಡೆದು 1938ರ ಮೇ ತಿಂಗಳಲ್ಲಿ ಮಿರ್ಜಾ-ಪಟೇಲ್ ಒಪ್ಪಂದವಾಯಿತು. ಮೈಸೂರು ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ಸಿಕ್ಕಿತು. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ಅದು ಚರಿತ್ರೆ. ನಮ್ಮವರು ಎಂದು ಒಂದನ್ನು ಮುಚ್ಚಿಡುವುದೂ, ಅವರವರು ಎಂದು ಇನ್ನೊಂದನ್ನು ಮರೆಯುವುದೂ ಒಂದೇ ತಪ್ಪು.

ಇನ್ನು ವಿದ್ಯೆಯ ಮಾತು. ನಮ್ಮ ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಭೌತಶಾಸ್ತ್ರದ ಅಧ್ಯಾಪಕರಾದರು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬರುವಂತೆ ಮಾಡಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂಬುದು ಅವರು ಬದುಕಿ ತೋರಿಸಿದ ಪಾಠ.

ವಿಜ್ಞಾನಿಗಳೂ ನಮ್ಮ ಊರನ್ನು ಹುಡುಕಿಕೊಂಡು ಬಂದರು. ಭೂಕಂಪದ ಅಲೆಗಳನ್ನೂ, ದೂರದ ದೇಶಗಳ ಭೂಗರ್ಭ ಅಣು ಸ್ಫೋಟಗಳನ್ನೂ ಗುರುತಿಸುವ ಕೇಂದ್ರ 1965ರಲ್ಲಿ ಇಲ್ಲಿ ಬಂತು. 1970ರ ದಶಕದಲ್ಲಿ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕ ಬಂತು. ಇಂಥ ಕೆಲಸಕ್ಕೆ ಗಟ್ಟಿ ಬಂಡೆಯ ನೆಲ ಬೇಕು, ಸುತ್ತ ಗದ್ದಲವಿರಬಾರದು. ಏನೂ ಇಲ್ಲದ ಊರು ಎಂದು ನಾವು ಹಳಿಯುವ ಊರಿನ ಮೌನವೇ ಅದರ ಅರ್ಹತೆಯಾಯಿತು.

ನಮ್ಮಂಥದೇ ಒಂದು ನದಿ ದಂಡೆಯ ಸಣ್ಣ ಊರು ಪೋರ್ಚುಗಲ್ಲಿನಲ್ಲಿದೆ. ಹೆಸರು ಮೆರ್ತೊಲಾ, ನದಿ ಗ್ವಾದಿಯಾನಾ. ಆ ನದಿಯ ಹೆಸರಿನ ಮೊದಲ ಭಾಗ ಅರಬ್ಬಿಯ 'ವಾದಿ'. 8ನೇ ಶತಮಾನದಿಂದ 1238ರವರೆಗೆ ಅದು ಮುಸ್ಲಿಮರ ಆಳ್ವಿಕೆಯಲ್ಲಿತ್ತು. ಅಲ್ಲಿನ ಮಸೀದಿ ಮುಂದೆ ಚರ್ಚ್ ಆಯಿತು. ಮಿಹ್ರಾಬ್ ಇಂದಿಗೂ ಗೋಡೆಯಲ್ಲಿದೆ. ಹತ್ತಿರದ ಗಣಿ ಮುಚ್ಚಿ ಆ ಸೀಮೆ ಬಡವಾಗಿ, ಜನ ಕೆಲಸ ಹುಡುಕಿಕೊಂಡು ಹೋಗುತ್ತಿದ್ದ ಕಾಲ. 1978ರಲ್ಲಿ ಕ್ಲೌದಿಯೊ ತೊರ್ರೆಸ್ ಎಂಬ ಪುರಾತತ್ವಜ್ಞರು ವಿದ್ಯಾರ್ಥಿಗಳ ಜೊತೆ ಬಂದು ಅಗೆಯಲು ತೊಡಗಿದರು. ಹಳೆಯ ಮನೆಗಳೂ ಮಡಕೆ ಚೂರುಗಳೂ ಸಿಕ್ಕವು. ಈಗ ಊರೇ ವಸ್ತುಸಂಗ್ರಹಾಲಯ. ಅಲ್ಲಿ ಇಸ್ಲಾಮಿ ಉತ್ಸವ 2001ರಲ್ಲಿ ಆರಂಭವಾಯಿತು. ಅಲ್ಲಿನವರು ಹಿಂದಿನದನ್ನು ಇವರದು, ಅವರದು ಎಂದು ಪಾಲು ಮಾಡದೆ ಊರಿನದು ಎಂದುಕೊಂಡರು.

ನಮ್ಮಲ್ಲಿ ಅಗೆದದ್ದು ಬೇರೆ. ನದಿಯ ಮರಳನ್ನು ಬಾಚಿದೆವು, ಸಾವಿರ ಅಡಿಯಾಚೆಗೂ ಕೊಳವೆಬಾವಿ ಕೊರೆದೆವು, ಫ್ಲೋರೈಡ್ ನೀರು ಕುಡಿದೆವು. 2021ರ ನವೆಂಬರ್ ಮಳೆಗೆ ನದಿ ತುಂಬಿ ಹರಿದಾಗ ಮಕ್ಕಳು ಅದನ್ನು ಸೋಜಿಗದಂತೆ ನೋಡಿದರು. ನೀರು ಬತ್ತಿದ ನದಿಗೆ ಮಳೆ ಬಂದರೆ ಮತ್ತೆ ನೀರು ಬಂದೀತು. ನೆನಪು ಬತ್ತಿದ ಊರಿಗೆ ಯಾವ ಮಳೆ?

ಆದ್ದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಮ್ಮ ಮನೆಯ, ಪಕ್ಕದ ಬೀದಿಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ನದಿಯಲ್ಲಿ ನೀರು ಎಂದಿನವರೆಗೆ ಇತ್ತು, ಸಂತೆಗೆ ಯಾವ ಊರಿನವರು ಬರುತ್ತಿದ್ದರು, ವಿದುರಾಶ್ವತ್ಥದ ಬಗ್ಗೆ ಮನೆಯಲ್ಲಿ ಏನು ಹೇಳುತ್ತಿದ್ದರು ಎಂದು ಕೇಳಿ. ಹಳೆಯ ಕಾಗದಪತ್ರ ಉರ್ದುವಿನಲ್ಲಿದ್ದರೆ ಓದಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಬರೆದಿಡಿ. ಹೇಳಿದವರ ಹೆಸರು, ದಿನಾಂಕ ಹಾಕಿ. ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯಿರಿ, ಬಣ್ಣ ಕಟ್ಟಬೇಡಿ. ಅವುಗಳಲ್ಲಿ ಹತ್ತು ಪುಟಕ್ಕಾದರೂ ಮುಂದಿನ ವರ್ಷದ ಸಂಚಿಕೆಯಲ್ಲಿ ಜಾಗ ಕೊಡಬೇಕೆಂದು ಸಂಘದ ಹಿರಿಯರಲ್ಲಿ ವಿನಂತಿಸುತ್ತೇನೆ.

ನೀವು ಬೆಂಗಳೂರಿಗೋ ದುಬೈಗೋ ಹೋಗುತ್ತೀರಿ, ಹೋಗಬೇಕು ಕೂಡ. ಯಾವ ಊರು ಎಂದು ಅಲ್ಲಿ ಯಾರಾದರೂ ಕೇಳಿದರೆ, ಬೆಂಗಳೂರಿನ ಹತ್ತಿರ ಎಂದು ಹೇಳಿ ಸುಮ್ಮನಾಗಬೇಡಿ. ಗೌರಿಬಿದನೂರು ಎನ್ನಿ. ಮುಂದಿನ ಪ್ರಶ್ನೆಗೆ ಉತ್ತರ ನಿಮ್ಮ ನೋಟ್‌ಬುಕ್ಕಿನಲ್ಲಿರಲಿ.